ಮೊಮ್ಮಗಳ ಥೀಸಿಸ್ಸಿಗೆ ಹೋಗಿಬಂದದ್ದು

ನರಸಿಂಹರಾಜಪುರ

ಜನ ಮದುವೆಗೆ ಹೋಗುತ್ತಾರೆ, ಬಾಣಂತನಕ್ಕೆ ಹೋಗುತ್ತಾರೆ, ಹೆಣ ನೋಡಲು ಹೋಗುತ್ತಾರೆ. ನಾನು ಥೀಸಿಸ್ಸಿಗೆ ಹೋದೆ. ಅದೂ ಫಿನ್ಲೆಂಡಿಗೆ. ಅದೆಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಹೋಗಿ ಬಂದ ಮೇಲೂ ಭೂಪಟದಲ್ಲಿ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಮೇಲಕ್ಕೆ ಇದೆ, ಚಳಿ ಇದೆ, ಅಷ್ಟು ಗೊತ್ತು.

ನನ್ನ ಮಗಳು ವಸಂತಿ ಎನ್.ಆರ್.ಪುರದ ಪೇಟೆಯ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾನು ಅವಳ ಜೊತೆಗಿದ್ದೇನೆ. ಅವಳ ಒಬ್ಬಳೇ ಮಗಳು ಸುಮ. ಓದುವುದರಲ್ಲಿ ಚುರುಕು, ಮಾತಿನಲ್ಲಿ ಮಂದ. ಸ್ಕಾಲರ್‌ಶಿಪ್ ಸಿಕ್ಕಿ ಎಂ.ಎಸ್ಸಿ. ಮಾಡಲು ಆ ದೇಶಕ್ಕೆ ಹೋದಳು. ಅಲ್ಲಿ ಕೊನೆಯಲ್ಲಿ ಪರೀಕ್ಷೆ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲವಂತೆ. ಒಂದು ವಿಷಯ ಹಿಡಿದು, ತಾನೇ ಹುಡುಕಿ, ಪುಸ್ತಕದಷ್ಟು ಬರೆಯಬೇಕು. ಅದೇ ಥೀಸಿಸ್ಸು. ಪಕ್ಕದಲ್ಲಿ ಒಬ್ಬರು ಗೈಡು ಇರುತ್ತಾರೆ. ಮೇ ತಿಂಗಳು ಮುಗಿಯುವುದರೊಳಗೆ ಒಪ್ಪಿಸದಿದ್ದರೆ ಸ್ಕಾಲರ್‌ಶಿಪ್ಪೂ ನಿಲ್ಲುತ್ತದೆ, ಅಲ್ಲಿರುವ ಪರ್ಮಿಟ್ಟೂ ನಿಲ್ಲುತ್ತದೆ. ಡಿಗ್ರಿ ಇಲ್ಲದೆ ಬಂದು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು.

ಫೋನಿನಲ್ಲಿ ಅವಳು "ಎಲ್ಲ ಸರಿ ಇದೆ" ಎನ್ನುತ್ತಿದ್ದಳು. ಆದರೆ ದಿನಾ "ಇವತ್ತು ಎಂತ ಸಾರು?" ಎಂದು ಕೇಳುತ್ತಿದ್ದವಳು ಕೇಳುವುದು ಬಿಟ್ಟಳು.

"ಅಮ್ಮ, ಅವಳು ಸರಿ ಇಲ್ಲ. ಸಾರು ಕೇಳ್ತಿಲ್ಲ" ಎಂದಳು ವಸಂತಿ.

"ಅವಳಿಗೆ ಓದೋದಿರುತ್ತೆ. ನಿನ್ನ ಸಾರು ಕಟ್ಟಿಕೊಂಡು ಎಂತ ಮಾಡ್ತಾಳೆ?"

ಹಾಗೆಂದು ನಾನೇ ಬಾಯಿ ಮುಚ್ಚಿಸಿದ್ದೆ. ಆಮೇಲೊಂದು ದಿನ ಫೋನಿನಲ್ಲಿ ಮುಖ ನೋಡಿದೆ. ಕೆನ್ನೆ ಬೇಯಿಸಿ ಒಣಗಿಸಿದ ಅಡಿಕೆಯ ಹಾಗಿತ್ತು. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನಗೊಬ್ಬಳಿಗೆ. ಎರಡನೇ ಮಗಳು ಮಸ್ಕತ್ತಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಮಾಡಿಸಿದ್ದೆವು. ಕೊರೊನಾ ಬಂದು ವಿಮಾನ ನಿಂತಿತು, ಕೂಸು ನಾನಿಲ್ಲದೆಯೇ ಹುಟ್ಟಿತು. ಪಾಸ್‌ಪೋರ್ಟು ಸೀರೆಗಳ ಅಡಿಯಲ್ಲಿ ಉಳಿಯಿತು. ಈಗ ಸುಮಳ ಹತ್ತಿರ ನಾನೇ ಹೋಗುವುದೆಂದಾಯಿತು, ಟಿಕೆಟ್ಟನ್ನು ಮಸ್ಕತ್ತಿನವಳೇ ತೆಗೆದುಕೊಟ್ಟಳು.

ಎದುರುಮನೆಯವನು ಉಪಾಯ ಹೇಳಿದ. "ಗಿರಿಜಕ್ಕಾ, ಕಾಲು ನೋವು ಅನ್ನಿ. ಗಾಲಿಕುರ್ಚೀಲಿ ಕೂರಿಸಿ ಅವರೇ ಕರ್ಕೊಂಡು ಹೋಗ್ತಾರೆ."

"ನನ್ನ ಕಾಲಿಗೆ ಎಂತ ಆಗಿದೆ ಮಾರಾಯ?"

"ಕಾಲಿಗೆ ಏನೂ ಆಗಿಲ್ಲ. ನಿಮ್ಮ ಇಂಗ್ಲಿಷಿಗೆ ಆಗಿದೆ."

ಹಾಗೆ ಗಟ್ಟಿ ಕಾಲಿನ ನಾನು ಕೂತುಕೊಂಡು ಹೊರಟೆ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನನ್ನನ್ನು ತಂದು ಒಂದು ಗೋಡೆಯ ಪಕ್ಕ ನಿಲ್ಲಿಸಿದರು. ಅಲ್ಲಿ ಸಾಲಾಗಿ ಗಾಲಿಕುರ್ಚಿಗಳು, ಸಾಲಾಗಿ ಮುದುಕಿಯರು. ಮಲಯಾಳಿ, ಪಂಜಾಬಿ, ಇನ್ನೆಲ್ಲಿಯವರೋ. ತಳ್ಳುವವನು ಅತ್ತ ಹೋದದ್ದೇ ತಡ, ಎಲ್ಲರೂ ಎದ್ದು ಸರಸರ ನಡೆದು ಪಾಯಿಖಾನೆಗೆ ಹೋಗಿಬಂದು ಮತ್ತೆ ಕುರ್ಚಿಯಲ್ಲಿ ಸೊರಗಿ ಕೂತರು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಎಲ್ಲರಿಗೂ ಒಂದೇ ಕಾಯಿಲೆ ಎಂದು ಎಲ್ಲರಿಗೂ ಗೊತ್ತಿತ್ತು.

ತಳವಿಲ್ಲದ ಕಪಾಟು

ಸುಮ ಇದ್ದದ್ದು ವಿದ್ಯಾರ್ಥಿಗಳ ಕಟ್ಟಡದಲ್ಲಿ. ಒಂದು ಕೋಣೆ, ಒಂದು ಕಿಟಕಿ, ಮೂಲೆಯಲ್ಲಿ ಅಡುಗೆ. ಚಪ್ಪಲಿ ಬಾಗಿಲ ಹತ್ತಿರ ಬಿಡುತ್ತಾರೆ ಎಂಬುದೊಂದು ನಮ್ಮ ಹಾಗೆ. ಉಳಿದದ್ದು ಯಾವುದೂ ನಮ್ಮ ಹಾಗಲ್ಲ. ಒಂದೇ ಮೆಟ್ಟಿಲು ಹತ್ತಿಳಿಯುವ ಜನ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಹೊರಗೆ ಯಾರೋ ಇಳಿಯುವ ಸದ್ದು ಕೇಳಿದರೆ, ಒಳಗಿರುವವರು ಆ ಸದ್ದು ಹೋಗುವ ತನಕ ಬಾಗಿಲ ಹಿಂದೆ ನಿಂತು ಕಾಯುತ್ತಾರೆ. ಮೊದಲು ನನಗೆ ಹೆದರಿ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಎಲ್ಲರಿಗೂ ಹಾಗೇ ಅಂತೆ. ಅದು ಮರ್ಯಾದೆಯಂತೆ.

ಪಾತ್ರೆ ತೊಳೆಯುವ ಸಿಂಕಿನ ಮೇಲೆ ಒಂದು ಕಪಾಟಿತ್ತು. ಸುಮ ಲೈಬ್ರರಿಗೆ ಹೋದ ಮೇಲೆ ನಾನು ತಂದ ಹಲಸಿನ ಹಪ್ಪಳದ ಕಟ್ಟುಗಳಲ್ಲಿ ಒಂದನ್ನು ಅದರೊಳಗೆ ಜೋಡಿಸಿ ಬಾಗಿಲು ಹಾಕಿದೆ. ಮೇಲಿನ ಸಾಲಿನಲ್ಲಿ ತೊಳೆದ ತಟ್ಟೆಗಳಿದ್ದವು. ಸಂಜೆ ತೆಗೆದರೆ ಹಪ್ಪಳವೆಲ್ಲ ಒದ್ದೆ. ಬಗ್ಗಿ ನೋಡಿದೆ. ಕಪಾಟಿಗೆ ತಳವೇ ಇಲ್ಲ, ಬರೀ ಕಂಬಿಗಳು. ತೊಳೆದ ತಟ್ಟೆಯನ್ನು ಒರೆಸದೆ ಹಾಗೇ ಒಳಗಿಟ್ಟರೆ ನೀರು ತೊಟ್ಟಿಕ್ಕಿ ಸಿಂಕಿಗೆ ಬೀಳುವ ಹಾಗೆ ಮಾಡಿದ್ದಾರೆ. ಬುದ್ಧಿವಂತರು. ಆದರೆ ನನ್ನ ಹಪ್ಪಳ ಹೋಯಿತು.

ಆ ಹಪ್ಪಳ ತಂದದ್ದು ಸುಮಳ ಗೈಡಿಗೆಂದು. ನಮ್ಮ ಬೀದಿಯ ಮೇಷ್ಟ್ರ ಮಗ ದೊಡ್ಡ ಓದು ಓದುವಾಗ ಗೈಡಿನ ಮನೆಗೆ ಬಾಳೆಗೊನೆ, ಜೇನು, ಹಪ್ಪಳ ಹೊತ್ತದ್ದನ್ನು ನೋಡಿದ್ದೆ. ಗೇಟಿನ ಹತ್ತಿರ ನಿಂತು, ಒಳಗೆ ಕರೆದ ಮೇಲೆ ಹೋಗಿ, ಕೂರು ಎಂದರೂ ಕೂರದೆ ಓದಿದವನು ಅವನು. ಓದು ಎಂದರೆ ಹಾಗೆ ಎಂದು ನಾನು ತಿಳಿದಿದ್ದೆ.

ಊಟಕ್ಕೆ ಕೂತಾಗ ಕೇಳಿದೆ. "ಗೈಡು ಎಂತ ಹೇಳ್ತಾರೆ?"

"ಅವರು ಹೇಳಲ್ಲ ಅಜ್ಜಿ. ಕೇಳ್ತಾರೆ."

"ಎಂತ ಕೇಳ್ತಾರೆ?"

"ನಾನು ಬರೆದದ್ದನ್ನ ಕಂಪ್ಯೂಟರಲ್ಲಿ ಕಳಿಸ್ತೀನಿ. ಪಕ್ಕದಲ್ಲಿ ಅವರು ಬರೀತಾರೆ. 'ಈ ಭಾಗ ಇಲ್ಲಿ ಬೇಕಾ?' ಅಂತ."

"ನೀನು ಎಂತ ಮಾಡ್ದೆ?"

"ತೆಗೆದೆ."

ಸರಿಯಾಗಿಯೇ ಮಾಡಿದ್ದಾಳೆ ಎಂದುಕೊಂಡೆ. ದೊಡ್ಡವರು ಬೇಕಾ ಎಂದು ಕೇಳಿದ ಮೇಲೆ ಇಟ್ಟುಕೊಳ್ಳುವುದುಂಟೇ? ಬಸರೀಕಟ್ಟೆಯ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ ನಾವಿದ್ದಾಗ ನನ್ನ ಮಾವ ಮಲಗಿದಲ್ಲಿಂದಲೇ "ಆ ದೀಪ ಉರೀಬೇಕಾ?" ಎನ್ನುತ್ತಿದ್ದರು. ಎದ್ದು ಆರಿಸಬೇಕು, ಅಷ್ಟೆ. ಹೌದು, ಉರಿಯಬೇಕು ಎಂದು ಉತ್ತರ ಕೊಟ್ಟ ಸೊಸೆ ಆ ಲೈನಿನಲ್ಲಿ ಒಬ್ಬಳೂ ಇರಲಿಲ್ಲ. ಹಾಜರಿ ಬರೆಯುವ ರೈಟರು "ನಾಳೆ ಕೆಲಸಕ್ಕೆ ಬರ್ತೀಯೇನು?" ಎಂದರೆ ಜ್ವರವಿದ್ದರೂ ಹೋಗಬೇಕು. ವಸಂತಿಯನ್ನು ನಾನು ಹಾಗೆ ಬೆಳೆಸಿದೆ, ಸುಮಳನ್ನು ಅವಳು ಹಾಗೆ ಬೆಳೆಸಿದಳು. ಅದರಲ್ಲಿ ತಪ್ಪೇನಿಲ್ಲ. ಲೈನಿನಲ್ಲಿ ಬದುಕಲು ಅದೇ ಬೇಕಿತ್ತು.

"ಯಾವ ಭಾಗ ತೆಗೆದೆ?"

ಅವಳು ಅನ್ನ ಕಲಸುತ್ತಾ ಇದ್ದಳು. "ಭದ್ರಾ ಹಿನ್ನೀರಿಂದು."

ಅದು ನನಗೆ ಗೊತ್ತಿದ್ದ ಭಾಗ. ಹಿಂದಿನ ಬೇಸಿಗೆ ರಜೆಯಲ್ಲಿ ಬಂದಿದ್ದಾಗ, ನೀರು ಇಳಿದ ಮೇಲೆ ಹಿನ್ನೀರಿನ ಅಂಚಿನಲ್ಲಿ ಏಳುವ ಹುಲ್ಲುಗಳನ್ನು ಅವಳು ಗುರುತು ಮಾಡಿಕೊಂಡಿದ್ದಳು. ನೆಲದ ಮೇಲೆ ಮರದ ಚೌಕಟ್ಟು ಇಟ್ಟು, ಅದರೊಳಗೆ ಬಂದಷ್ಟು ಹುಲ್ಲು ಎಣಿಸುವುದು. ನಾನು ಕೊಡೆ ಹಿಡಿದು, ಮಜ್ಜಿಗೆ ಕ್ಯಾನು ಹೊತ್ತು ಹಿಂದೆ ಹಿಂದೆ ನಡೆದಿದ್ದೆ. ಬಿಸಿಲಿಗೆ ಅವಳ ಮೂಗಿನ ಚರ್ಮ ಎದ್ದಿತ್ತು. ಇಲ್ಲಿಯೂ ಒಂದು ಅಣೆಕಟ್ಟಿನ ಕೆರೆ ಇದೆಯಂತೆ, ಅದರ ಅಂಚನ್ನೂ ಹಾಗೇ ನೋಡಿದ್ದಾಳೆ. ಎರಡನ್ನೂ ಪಕ್ಕಪಕ್ಕ ಇಡುವುದೇ ಥೀಸಿಸ್ಸು. ಈಗ ಒಂದು ಮಾತ್ರ ಉಳಿದಿದೆ.

"ಉಳಿದದ್ದು ಸಾಕಾಗುತ್ತಾ?"

"ಸಾಕಾಗಲ್ಲ" ಎಂದಳು. "ಅದ್ರಲ್ಲೂ 'ಇದು ಯಾಕೆ?' ಅಂತ ಕೇಳಿದ್ದಾರೆ. ಅವರಿಗೆ ಯಾವುದೂ ಇಷ್ಟ ಇಲ್ಲ ಅಜ್ಜಿ."

"ಹೋಗಿ ಕೇಳು ಮತ್ತೆ, ಎಂತ ಬರೀಬೇಕು ಅಂತ."

"ಅವರು ಕರೆದಿಲ್ಲ."

ಬಿಳಿ ಮೈದಾನ

ಅವಳು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಕೋಣೆಯಲ್ಲಿ ನಾನು, ಗೋಡೆಯ ಬಿಸಿ ಪೈಪು, ಫ್ರಿಜ್ಜು. ಫ್ರಿಜ್ಜು ಆಗಾಗ ಗುರ್ ಎನ್ನುತ್ತಿತ್ತು. ಕೆಲವು ದಿನ ನನ್ನ ಜೊತೆ ಮಾತಾಡಿದ್ದು ಅದೊಂದೇ. ಊರಿನಲ್ಲಿ ವಸಂತಿಯ ಮಿಷನ್ನಿನ ಸದ್ದು ತಲೆ ತಿನ್ನುತ್ತದೆ ಎಂದು ಬೈಯುತ್ತಿದ್ದೆ. ಇಲ್ಲಿ ಹೊಲಿಗೆ ಮಿಷನ್ ಇದ್ದಿದ್ದರೆ ನಾನೇ ತುಳಿಯುತ್ತಿದ್ದೆ, ಬಟ್ಟೆ ಇಲ್ಲದಿದ್ದರೂ.

ಸಾಕಾಗಿ ಹೊರಗೆ ನಡೆದೆ. ಕಟ್ಟಡದ ಹಿಂದೆ ದೊಡ್ಡ ಬಿಳಿ ಮೈದಾನ. ಜನ ಅದರ ಮೇಲೆ ನಡೆಯುತ್ತಿದ್ದರು, ನಾಯಿ ಓಡಿಸುತ್ತಿದ್ದರು. ನಾನೂ ಇಳಿದೆ. ತುಂಬಾ ದೂರ ಹೋದ ಮೇಲೆ ಒಬ್ಬ ಮುದುಕ ಸಣ್ಣ ಸ್ಟೂಲಿನ ಮೇಲೆ ಕೂತದ್ದು ಕಂಡಿತು. ಮುಂದೆ ನೆಲದಲ್ಲೊಂದು ತೂತು. ತೂತಿಗೆ ದಾರ ಇಳಿಬಿಟ್ಟು ನೋಡುತ್ತಾ ಇದ್ದ. ಬಗ್ಗಿದೆ. ತೂತಿನಲ್ಲಿ ಕರೀ ನೀರು ಕುಲುಕುತ್ತಿತ್ತು.

ಆಗ ತಿಳಿಯಿತು. ಮೈದಾನವಲ್ಲ, ಕೆರೆ. ನಾನು ನೀರಿನ ನಡುವೆ ನಿಂತಿದ್ದೇನೆ. ಕಾಲು ಅಲ್ಲಿಂದ ಏಳಲಿಲ್ಲ. ಹಿಂದಿರುಗಲೂ ಹೆದರಿಕೆ, ನಿಲ್ಲಲೂ ಹೆದರಿಕೆ. ಆ ಮುದುಕ ತಲೆ ಎತ್ತಿ ನನ್ನ ಸೀರೆ ನೋಡಿದ, ಅದರ ಮೇಲಿನ ಸುಮಳ ಕೋಟು ನೋಡಿದ, ಮತ್ತೆ ತೂತು ನೋಡಿದ. ಏಳಲಿಲ್ಲ, ಕೈ ಹಿಡಿಯಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಊರು ಸೇರಿ ನನಗೆ ಬೈಯುತ್ತಿತ್ತು.

ಹೆದರಿಕೆ ಕಳೆಯಲು ಮಾತಾಡಲು ಶುರು ಮಾಡಿದೆ. ಕನ್ನಡದಲ್ಲೇ. ನಮ್ಮಲ್ಲೂ ಭದ್ರೆಯ ಹಿನ್ನೀರು ಇಷ್ಟೇ ಅಗಲ, ಅಡಿಯಲ್ಲಿ ಊರುಗಳು ಮುಳುಗಿವೆ, ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಅಡಿಪಾಯದ ಕಲ್ಲು ಕಾಣುತ್ತದೆ ಎಂದೆ. ಮೊಮ್ಮಗಳು ಅದನ್ನು ಬರೆದು ಅಳಿಸಿಬಿಟ್ಟಿದ್ದಾಳೆ ಎಂದೆ. ಅವನು ಕೊನೆಯಲ್ಲಿ "ಯೋ" ಎಂದ. ಹೌದು ಎನ್ನಲು ಅವರು ಹಾಗೆನ್ನುತ್ತಾರಂತೆ. ಏನಕ್ಕೆ ಹೌದು ಎಂದನೋ. ನಾನು ಬಂದ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ವಾಪಸು ಬಂದೆ.

ಆಮೇಲೆ ದಿನಾ ಹೋದೆ. ಅವನು ದಾರ ನೋಡುತ್ತಿದ್ದ, ನಾನು ಮಾತಾಡುತ್ತಿದ್ದೆ. ಏಪ್ರಿಲ್ ನಡುವಿನಲ್ಲಿ ಮಂಜುಗಡ್ಡೆಯ ಬಣ್ಣ ಬೂದಿಗೆ ತಿರುಗಿತು. ಒಂದು ದಿನ ದಡಕ್ಕೆ ಹೋದರೆ ಕೆರೆಯ ಮೇಲೆ ಒಬ್ಬರೂ ಇಲ್ಲ. ಯಾರೂ ಡಂಗುರ ಸಾರಿರಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು, ನನಗೆ ಮಾತ್ರ ಹೇಳುವವರಿರಲಿಲ್ಲ. ಆ ಮುದುಕನನ್ನು ಮತ್ತೆ ನೋಡಲಿಲ್ಲ.

ಮೂರನೇ ಮಹಡಿ

ಹಾಗೆ ಬರಿಗೈಯಲ್ಲಿ ದಡದಿಂದ ವಾಪಸು ಬಂದ ದಿನವೇ ಸುಮಳಿಗೆ ಹೇಳಿದೆ, "ನಾಳೆ ನನ್ನನ್ನು ನಿನ್ನ ಗೈಡಿನ ಹತ್ತಿರ ಕರ್ಕೊಂಡು ಹೋಗು."

"ಅಜ್ಜಿ, ಹಾಗೆಲ್ಲ ಹೋಗೋ ಹಾಗಿಲ್ಲ. ಟೈಮ್ ಕೇಳ್ಬೇಕು. ಎಂತ ಮಾತಾಡ್ತೀನಿ ಅಂತ ಮೊದಲೇ ಬರೆದು ಕಳಿಸ್ಬೇಕು."

"ಹಪ್ಪಳ ಕೊಡೋಕೆ ಅಂತ ಬರಿ."

ಅವಳು ಏನು ಬರೆದಳೋ, ಟೈಮು ಸಿಕ್ಕಿತು.

ಗೈಡಿನ ಹೆಸರು ಕಿರ್ಸಿ, ಆಫೀಸು ಯೂನಿವರ್ಸಿಟಿಯ ಮೂರನೇ ಮಹಡಿಯಲ್ಲಿ. ವಸಂತಿಗಿಂತ ಹಿರಿಯರು. ವಿದ್ಯಾರ್ಥಿಗಳೆಲ್ಲ ಕಿರ್ಸಿ ಎಂದೇ ಕರೆಯುತ್ತಾರೆ. ಮೇಡಮ್ಮೂ ಇಲ್ಲ, ಅಮ್ಮನೂ ಇಲ್ಲ. ಸುಮಳೊಬ್ಬಳು ಹೆಸರು ಹೇಳಲಾಗದೆ, ಬೇರೆ ಏನೂ ಹೇಳಲಾಗದೆ, ಅವರನ್ನು ಏನೂ ಕರೆಯದೆಯೇ ಎರಡು ವರ್ಷ ಕಳೆದಿದ್ದಾಳೆ. ಕಿರ್ಸಿ ಬಾಗಿಲು ತೆರೆದು ಬಂದದ್ದು ಉಣ್ಣೆಯ ಕಾಲುಚೀಲದಲ್ಲಿ. ಅಷ್ಟು ದೊಡ್ಡ ಓದಿನವರು ಆಫೀಸಿನಲ್ಲಿ ಕಾಲುಚೀಲದಲ್ಲಿ ಓಡಾಡುತ್ತಾರೆ. ನನ್ನ ಕೈ ಕುಲುಕಿ "ಗಿರಿಜಾ" ಎಂದರು.

ಬರೀ ಹೆಸರು ಹಿಡಿದು ನನ್ನನ್ನು ಕರೆಯುವವರೆಲ್ಲ ಸತ್ತಿದ್ದಾರೆ. ಊರಿಗೆ ನಾನು ಗಿರಿಜಕ್ಕ, ಅಮ್ಮ, ಅಜ್ಜಿ. ಒಂದು ಗಳಿಗೆ ಯಾರನ್ನು ಕರೆದರು ಎಂದು ನೋಡಿದೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಕಿರ್ಸಿ ಏನೋ ಕೇಳಿದರು. ಸುಮ ಹೇಳಿದಳು, "ಅಲ್ಲಿ ಚಳಿ ಆಗಲ್ವಾ ಅಂತ ಕೇಳ್ತಿದ್ದಾರೆ." ನಾನು ತಕ್ಷಣ ಎದ್ದು ಗೋಡೆಯ ಪಕ್ಕದ ಕುರ್ಚಿಗೆ ಹೋದೆ. ಅಲ್ಲಿ ಅವರ ಪುಸ್ತಕಗಳಿದ್ದವು. "ಅಲ್ಲಿ ಜಾಗ ಸಾಕಾ ಅಂತಿದ್ದಾರೆ" ಎಂದಳು ಸುಮ. ಅಲ್ಲಿಂದಲೂ ಎದ್ದು ನಿಂತೆ. ಆಮೇಲೆ ಹಪ್ಪಳದ ಕಟ್ಟುಗಳನ್ನು ಮೇಜಿನ ಮೇಲಿಟ್ಟೆ. ಕಿರ್ಸಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಕಣ್ಣರಳಿಸಿ ಏನೋ ಕೇಳಿದರು. "ಇಷ್ಟೂ ನನಗಾ ಅಂತಿದ್ದಾರೆ."

ಜಾಸ್ತಿ ಆಯಿತು ಎನ್ನುತ್ತಿದ್ದಾರೆ ಎಂದು ಅರ್ಧ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಕಿರ್ಸಿ ನಕ್ಕರು. ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು. ನಿಂತೇ ಇದ್ದ ನನ್ನನ್ನು ನೋಡಿದರು, ನನ್ನ ಚೀಲ ನೋಡಿದರು, ತಿರುಗಿ ಸುಮಳನ್ನು ನೋಡಿದರು. ತುಂಬಾ ಹೊತ್ತು ನೋಡಿದರು. ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತು ಏನನ್ನೋ ತೆರೆದರು. ಒಂದರ ಹಿಂದೆ ಒಂದು ಪುಟ ಓಡಿಸಿದರು. ಸುಮಳನ್ನು ಪಕ್ಕಕ್ಕೆ ಕರೆದು ಬೆರಳು ತೋರಿಸಿ ಕೇಳಿದರು. ಅವಳು ಸುಮ್ಮನಿದ್ದಳು. ಅವರೂ ಸುಮ್ಮನಿದ್ದರು. ಆ ದೇಶದಲ್ಲಿ ಒಬ್ಬರು ಮಾತಾಡದಿದ್ದರೆ ಇನ್ನೊಬ್ಬರು ತುಂಬಿಸುವುದಿಲ್ಲ, ಕಾಯುತ್ತಾರೆ. ಸುಮ ಕೊನೆಗೆ ಎರಡು ಮಾತು ಹೇಳಿದಳು. ಕಿರ್ಸಿ ಎರಡೂ ಕೈಯಲ್ಲಿ ತಮ್ಮ ಮುಖ ಮುಚ್ಚಿಕೊಂಡರು.

ಎಂತ ಆಯಿತು ಎಂದು ನನಗೆ ತಿಳಿಯಲಿಲ್ಲ. ಹುಡುಗಿಯನ್ನು ಬೈಯುತ್ತಿದ್ದಾರೋ ಏನೋ ಎಂದು ಉಳಿದ ಹಪ್ಪಳವನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಈ ಸಲ ಅವರೇ ಅದನ್ನೆಲ್ಲ ಜೋಡಿಸಿ ನನ್ನ ಚೀಲಕ್ಕೆ ಹಾಕಿದರು. ಮಾರ್ಕು ಕೊಡುವುದು ಮುಗಿಯುವವರೆಗೆ ವಿದ್ಯಾರ್ಥಿಯ ಮನೆಯವರಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲವಂತೆ. ಕಾಫಿ ಕೊಟ್ಟರು. ಕಾಫಿ ಗಂಜಿ ತಿಳಿಯ ಹಾಗಿತ್ತು, ಜೊತೆಗೆ ಒಂದು ಬನ್ನು. ಬನ್ನು ಮುರಿದರೆ ಏಲಕ್ಕಿ ವಾಸನೆ. ಅಷ್ಟು ದೂರ ಬಂದು, ಮಂಜಿನ ನಡುವೆ, ಇವರ ಬನ್ನಿನಲ್ಲಿ ಏಲಕ್ಕಿ. ಇನ್ನೊಂದು ತುಂಡು ಮುರಿದು ಮೂಸಿ ನೋಡಿದೆ.

ಸಿಟಿ ಬಸ್ಸು

ವಾಪಸು ಬರುವ ಬಸ್ಸಿನಲ್ಲಿ ಸುಮ ಹೇಳಿದಳು. "ಅವರು ತೆಗಿ ಅಂತ ಹೇಳಿರಲೇ ಇಲ್ಲ ಅಜ್ಜಿ."

"ಬೇಕಾ ಅಂತ ಕೇಳಿದ್ರಲ್ಲ?"

"ಕೇಳಿದ್ರು. ಅಷ್ಟೇ. 'ನನಗೆ ಭದ್ರೆ ಎಲ್ಲಿದೆ ಅಂತಲೇ ಗೊತ್ತಿಲ್ಲ, ಅದಕ್ಕೇ ಕೇಳಿದ್ದು. ಹೌದು, ಬೇಕು, ಯಾಕಂದ್ರೆ ಹೀಗೆ ಅಂತ ನೀನು ಬರೀತೀಯ ಅಂದುಕೊಂಡಿದ್ದೆ' ಅಂದ್ರು. ಪ್ರತಿ ಸಲ ನಾನು ಒಂದು ಭಾಗ ತೆಗೆದು ಕಳಿಸ್ದಾಗ 'ಇವಳಿಗೆ ತನ್ನದು ಗಟ್ಟಿ ಗೊತ್ತು, ನನ್ನ ಸಹಾಯ ಬೇಡ' ಅಂತ ಅಂದುಕೊಂಡ್ರಂತೆ. ಅದಕ್ಕೇ ಕರೀಲೂ ಇಲ್ಲ."

"ಮತ್ತೆ ನೀನು ಅವತ್ತೇ ಬೇಕು ಅನ್ನಬಹುದಿತ್ತಲ್ಲ ಮಾರಾಯ್ತಿ!"

ಅವಳು ನನ್ನನ್ನು ನೋಡಿದಳು. "ನೀನು ಕುರ್ಚಿಯಿಂದ ಯಾಕೆ ಎದ್ದೆ ಅಜ್ಜಿ?"

ನಾನು ಚೀಲದೊಳಗಿನ ಹಪ್ಪಳದ ಕಟ್ಟುಗಳನ್ನು ಸರಿಮಾಡಿಕೊಂಡೆ. ಬಸ್ಸಿನಲ್ಲಿ ಪ್ರತಿಯೊಬ್ಬರೂ ಎರಡು ಸೀಟಿನ ಬೆಂಚಿನಲ್ಲಿ ಒಬ್ಬೊಬ್ಬರೇ ಕೂತಿದ್ದರು. ನಾವಿಬ್ಬರೇ ಒತ್ತಿಕೊಂಡು ಕೂತವರು. ಆ ಹುಡುಗಿ ಚಳಿಗಾಲವೆಲ್ಲ ಒಬ್ಬಳೇ ಕೂತು, ತನ್ನದನ್ನು ತಾನೇ ಕತ್ತರಿಸಿ, ಕಳಿಸಿ, ಶಹಬ್ಬಾಸ್ ಬರುತ್ತದೆ ಎಂದು ಕಾದಿದ್ದಾಳೆ. ಅತ್ತ ಆ ಹೆಂಗಸು ಉತ್ತರ ಬರುತ್ತದೆ ಎಂದು ಕಾದಿದ್ದಾಳೆ. ನಮ್ಮಲ್ಲಿ ಕೆರೆಕಟ್ಟೆ ಊರಿನ ಕಡೆ ಹೋಗುವ ಒಂದೇ ಬಸ್ಸಿಗೆ ಕಾಯುವವರಾದರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ.

ವಿರೋಧಿಯ ದಿನ

ತೆಗೆದದ್ದನ್ನು ಮತ್ತೆ ಅಂಟಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲವಂತೆ. ಯಾಕೆ ಬೇಕು ಎಂದು ಬರೆಯಬೇಕು. ಅದನ್ನು ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ತನ್ನೊಳಗೇ ಮಾತಾಡುತ್ತಿದ್ದಳು. ನಾನು ಆ ಕೋಣೆಯಲ್ಲಿ ಒಂದು ಪಾತ್ರೆಯ ಹಾಗೆ ಇದ್ದೆ. ಬೇಯಿಸಿದೆ, ಬಡಿಸಿದೆ, ತಳವಿಲ್ಲದ ಕಪಾಟಿನಲ್ಲಿ ತಟ್ಟೆ ಇಟ್ಟೆ. ಒಂದು ದಿನ ಮಾತ್ರ "ಇವತ್ತು ಎಂತ ಸಾರು?" ಎಂದಳು. ಒಲೆಯ ಕಡೆ ತಿರುಗಿ ನಿಂತೇ "ಬೇಳೆ" ಎಂದೆ.

ಈ ಓದಿನಲ್ಲಿ ಒಂದು ಪದ್ಧತಿ ಇದೆ. ಥೀಸಿಸ್ಸು ಒಪ್ಪಿಸುವ ಮೊದಲು, ಜೊತೆಗೆ ಓದುವವರಲ್ಲಿ ಒಬ್ಬರನ್ನು ವಿರೋಧಿ ಎಂದು ನೇಮಿಸುತ್ತಾರೆ. ಅವನು ಅದನ್ನೆಲ್ಲ ಓದಿ, ಎಲ್ಲರ ಎದುರಿಗೆ ತಪ್ಪು ಹಿಡಿದು ಪ್ರಶ್ನೆ ಕೇಳಬೇಕು. ಅವನಿಗೆ ಅದಕ್ಕೇ ಮಾರ್ಕು ಕೊಡುತ್ತಾರೆ! ಸುಮಳ ವಿರೋಧಿ ಮಿಕ್ಕೊ ಎಂಬ ಹುಡುಗ. ಬಿಳೀ ಹುಬ್ಬು, ಹರಿದ ಸ್ವೆಟರು. ಹಿಂದಿನ ವಾರ ಅವಳ ಸೈಕಲ್ಲಿನ ಚೈನು ಹಾಕಿಕೊಟ್ಟವನು ಅವನೇ. ನಮ್ಮಲ್ಲಿ ತೋಟದ ಬೇಲಿ ಸರಿದದ್ದಕ್ಕೆ ಪಂಚಾಯ್ತಿಯಲ್ಲಿ ಎದುರುಬದುರು ಕೂತವರು ಮೂರು ತಲೆಮಾರು ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯುವುದಿಲ್ಲ.

ನಾನೂ ಹೋಗಿ ಹಿಂದೆ ಕೂತೆ. ಸುಮ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದಳು. ಒಂದು ಚಿತ್ರದಲ್ಲಿ ನಮ್ಮ ಹಿನ್ನೀರಿನ ಕೆಸರು, ಮರದ ಚೌಕಟ್ಟು, ಮೂಲೆಯಲ್ಲಿ ನನ್ನ ಕೊಡೆಯ ನೆರಳು. ಆಮೇಲೆ ಮಿಕ್ಕೊ ಕೇಳಿದ. ಇಂಗ್ಲಿಷು ನನಗೆ ಬರುವುದಿಲ್ಲ. ಆದರೆ "ಭದ್ರಾ" ಎಂದದ್ದು ಕೇಳಿಸಿತು. ಏನು ಕೇಳಿದ ಎಂದು ಆಮೇಲೆ ಸುಮ ಹೇಳಿದಳು. ಎರಡು ಊರಿನ ನೀರನ್ನು ಒಂದೇ ಕಡೆ ಯಾಕೆ ಇಟ್ಟಿದ್ದೀಯ, ನಮ್ಮ ಕೆರೆಯೊಂದೇ ಸಾಲದಾ ಎಂದನಂತೆ.

 ಸುಮಳ ಬೆರಳು ಕೀಲಿಮಣೆಯ ಅಂಚಿಗೆ ಹೋಯಿತು. ಅಳಿಸಿಬಿಡುತ್ತಾಳೆ ಎಂದೇ ತಿಳಿದೆ. ಎಲ್ಲರೂ ಮೇಜು ನೋಡುತ್ತಾ ಕೂತರು. ಕಿರ್ಸಿಯೂ ಬಾಯಿ ಬಿಡಲಿಲ್ಲ. ನಮ್ಮೂರಾಗಿದ್ದರೆ ಯಾರಾದರೂ ನಡುವೆ ಬಿದ್ದು "ಹೋಗ್ಲಿ ಬಿಡಿ, ಹುಡುಗಿ ಹೆದರಿದ್ದಾಳೆ" ಎನ್ನುತ್ತಿದ್ದರು. ನಾನೇ ಎನ್ನಲಿಕ್ಕೆ ಅರ್ಧ ಎದ್ದಿದ್ದೆ. ಕಿರ್ಸಿ ನನ್ನ ಕಡೆ ನೋಡಿದರು. ಕೂತೆ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

"ನೋ" ಎಂದಳು ಸುಮ. ಸಾಲದು.

ಆಮೇಲೆ ನಿಲ್ಲಲಿಲ್ಲ. ಅವನು ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಒಂದು ಸಲ ಎದ್ದು ಅವನ ಹಾಳೆಯ ಮೇಲೆ ಬೆರಳು ಕುಟ್ಟಿದಳು. ನಾನು ನೋಡಿದ ಸುಮ ಅವಳಲ್ಲ. ಮುಗಿದ ಮೇಲೆ ಮಿಕ್ಕೊ ಓಡಿಹೋಗಿ ಕಾಫಿ, ಏಲಕ್ಕಿ ಬನ್ನು ತಂದು ಅವಳ ಮುಂದಿಟ್ಟ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು.

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ಅವಳು ಅಡುಗೆ ಮೂಲೆಯಲ್ಲಿ ನಿಂತೇ ಕಂಪ್ಯೂಟರಿನ ಗುಂಡಿ ಒತ್ತಿ "ಹೋಯ್ತು" ಎಂದಳು. "ಎಂತ ಹೋಯ್ತೇ?" ಎಂದು ಹೆದರಿದೆ. ಥೀಸಿಸ್ಸು ಒಪ್ಪಿಸಿದ್ದಾಗಿತ್ತು. ಮೇ ಇನ್ನೂ ಮುಗಿದಿರಲಿಲ್ಲ. ಅವಳು ತಿಂದ ತಟ್ಟೆ ತೊಳೆದು ಕಪಾಟಿನಲ್ಲಿಟ್ಟಳು. ಒಪ್ಪಿಗೆಯಾದ ಮೇಲೆ ಕಿರ್ಸಿ ತಾವೇ ಬಂದು ಹಪ್ಪಳ ಕೇಳಿ ತೆಗೆದುಕೊಂಡು ಹೋದರು. ಎಲ್ಲ ಕಟ್ಟುಗಳನ್ನೂ.

ಹೊರಡುವ ಬಸ್ಸು

ವಿಮಾನದ ಊರಿಗೆ ಬಸ್ಸು ಹತ್ತಬೇಕಿತ್ತು. ಮಂಜು ಕರಗಿ ಎಲ್ಲ ಕಡೆ ಹಸಿರು ಒಡೆದಿತ್ತು. ನಾನು ನಡೆದಾಡಿದ ಮೈದಾನದ ಮೇಲೆ ದೋಣಿ ಹೋಗುತ್ತಿತ್ತು. ಸುಮ ನನ್ನ ಚೀಲ ಹಿಡಿದು ನಿಂತಿದ್ದಳು. ಕೆನ್ನೆ ಸ್ವಲ್ಪ ತುಂಬಿತ್ತು. ಅಷ್ಟು ಕೆಲಸ ನಾನು ಮಾಡಿದ್ದೇನೆ.

"ಊರಿಗೆ ಬರಲ್ವೇನೆ?" ಎಂದೆ.

ನಮ್ಮಲ್ಲಿ ಇದು ಪ್ರಶ್ನೆಯಲ್ಲ. ಬಾ ಎಂದು ಅದರ ಅರ್ಥ. ಹೂಂ, ಬರ್ತೀನಿ ಎಂದು ಹೇಳುವುದು, ಹೇಳಿದ ಮೇಲೆ ಬರುವುದು. ಅವಳು ಯೋಚಿಸಿದಳು. ನಾನೂ ಕಾದೆ. ಕಾಯುವುದನ್ನು ಅಷ್ಟರಲ್ಲಿ ಕಲಿತಿದ್ದೆ.

"ಇಲ್ಲ ಅಜ್ಜಿ" ಎಂದಳು. "ಈಗ ಬರಲ್ಲ. ಕಿರ್ಸಿ ಹತ್ರ ಕೆಲಸ ಇದೆ. ನನಗೆ ಇಷ್ಟ ಇದೆ."

ಮೊದಲ ಸಲ ಅವಳು ಕಿರ್ಸಿ ಎಂದು ಹೆಸರು ಹಿಡಿದು ಹೇಳಿದ್ದು. "ಸರಿ" ಎಂದೆ. ಬಸ್ಸು ಬಂತು. ಕಾಲು ಗಟ್ಟಿ ಇರುವುದು ಒಳ್ಳೆಯದೇ ಆಯಿತು, ಮೆಟ್ಟಿಲು ಎತ್ತರವಿತ್ತು. ಮತ್ತೆ ಗಾಲಿಕುರ್ಚಿ, ಮತ್ತೆ ಗೋಡೆಯ ಪಕ್ಕದ ಸಾಲು. ಈ ಸಲ ತಳ್ಳುವವನು ಹೋದಾಗ ನಾನು ಏಳಲಿಲ್ಲ, ಅವಳ "ಬರಲ್ಲ" ಎಂಬ ಮಾತನ್ನೇ ಹಿಡಿದುಕೊಂಡು ಕೂತಿದ್ದೆ.

ಮನೆ

ವಸಂತಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಕೇಳಿದ್ದಕ್ಕೆಲ್ಲ ಹೇಳಿದೆ. ಡಿಗ್ರಿ ಆಯಿತು ಎಂದೆ. ಬರುವುದಿಲ್ಲ ಎಂಬುದನ್ನೂ ಹೇಳಿದೆ. ಅವಳು ಚೀಲ ಎತ್ತಿಕೊಂಡು ಮುಂದೆ ನಡೆದಳು.

ಸುಮಳ ಮಂಚ ಹೊಲಿಗೆಯ ಕೋಣೆಯಲ್ಲಿದೆ. ಎರಡನೇ ಮಿಷನ್ ತರಬೇಕೆಂದು ವಸಂತಿಗೆ ಬಹಳ ದಿನದಿಂದ ಆಸೆ, ಜಾಗವಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಅಮ್ಮ, ಈ ಮಂಚ ಇಲ್ಲಿ ಬೇಕಾ?" ಎಂದಳು.

ನಾನು ಎದ್ದು ಮಂಚದ ಒಂದು ತುದಿಗೆ ಕೈ ಹಾಕಿ ಆಗಿತ್ತು, ಎತ್ತಲು. ಹಾಗೇ ನಿಂತೆ.

"ಕೇಳ್ತಾ ಇದ್ದೀಯೋ, ತೆಗಿ ಅಂತಿದ್ದೀಯೋ?"

ವಸಂತಿ ತುಂಬಾ ಹೊತ್ತು ಏನೂ ಹೇಳಲಿಲ್ಲ. ನಾನೂ ತುಂಬಿಸಲಿಲ್ಲ.

"ಕೇಳ್ತಾ ಇದ್ದೀನಿ ಅಮ್ಮ" ಎಂದಳು.

"ಹಾಗಾದ್ರೆ ಬಾ, ಕೂತ್ಕೋ."

ಇಬ್ಬರೂ ಅದೇ ಮಂಚದ ಮೇಲೆ ಕೂತೆವು. ಬೇಕೋ ಬೇಡವೋ, ನನಗೂ ಗೊತ್ತಿರಲಿಲ್ಲ.